ಮೈಲುತುತ್ತಕ್ಕೆ ಕೋರಂ ಇಲ್ಲ

ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು ಅಲ್ಲಿಂದ 40–45 ದಿನಕ್ಕೆ. ತೀರ್ಥಹಳ್ಳಿಯಿಂದ ಸಾಗರದವರೆಗೆ ಇದು ಅಡಿಕೆ ಮರಕ್ಕೂ ಗೊತ್ತು. ಗೊತ್ತಿಲ್ಲದಿರುವುದು ಆ ಔಷಧಿಗೆ ಬೇಕಾದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ತರಿಸಬೇಕಾದ ಬೆಳೆಗಾರರ ಸಂಘದ ಆಡಳಿತ ಮಂಡಳಿಗೆ. ಪಾಪ, ಮೇ ತಿಂಗಳಲ್ಲಿ ಅವರಿಗೆ ಶಿವಮೊಗ್ಗದಲ್ಲಿ ‘ನಾಯಕತ್ವ ಶೈಲಿಗಳ ಸಮತೋಲನ’ ತರಬೇತಿ, ಊಟ ಸಹಿತ.

ಅಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಹೆಸರು ಬಂದೇ ಬರುತ್ತದೆ. 1939ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವನೂ ಸಂಗಡಿಗರೂ ಅಮೆರಿಕದ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಮೂರು ಬಗೆಯಲ್ಲಿ ನಡೆಸಿ ನೋಡಿದರು: ಹೇಳಿದಷ್ಟು ಮಾಡು, ಕೂತು ಮಾತಾಡೋಣ, ಏನಾದರೂ ಮಾಡ್ಕೊಳ್ಳಿ. ಮೊದಲ ಬಗೆಯಲ್ಲಿ ಯಜಮಾನ ಹೊರಗೆ ಹೋದರೆ ಕೆಲಸ ಕುಸಿಯುತ್ತಿತ್ತು. ಎರಡನೆಯದರಲ್ಲಿ ನಡೆಯುತ್ತಲೇ ಇತ್ತು. ನಮ್ಮ ಮಂಡಳಿ ಕಲಿತು ಬಂದದ್ದು ಇಷ್ಟೇ: ಮೂರೂ ಬೇಕು, ಸಮಪಾಲು.

ಹಾಗಾಗಿ ಗುಡುಗುವ ಅಧ್ಯಕ್ಷರಿಗೆ ಸದಸ್ಯರ ಅಹವಾಲು ಕೇಳುವ ಕೆಲಸ. ಎಲ್ಲರನ್ನೂ ಕೇಳಿಯೇ ಕೆಮ್ಮುವ ಉಪಾಧ್ಯಕ್ಷರಿಗೆ ಔಷಧಿ ಹೊಡೆಸುವ ತಾರೀಖು. ಯಾವುದಕ್ಕೂ ತಲೆ ಹಾಕದ ನಿರ್ದೇಶಕರಿಗೆ ಗೋದಾಮಿನ ಬೀಗದ ಕೈ.

ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಔಷಧಿ ಮಾಡುವ ಆಳನ್ನು ಕೇಳಿದ್ದರೆ ಸಾಕಿತ್ತು. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಬೇರೆ 50 ಲೀಟರಿಗೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದನ್ನು ತುತ್ತ ತಿಂದುಹಾಕುತ್ತದೆ. ಕಲಕುತ್ತಾ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಲ್ಟಾ ಮಾಡಿದರೆ ತರಿ ಕಟ್ಟಿ ತಳಕ್ಕೆ ಕೂರುತ್ತದೆ, ನಾಝಲ್ ಕಟ್ಟುತ್ತದೆ. ಆಮೇಲೆ ಕತ್ತಿಯ ಅಲಗು ಅದ್ದಿ ನೋಡುವುದು. ಕೆಂಪಗೆ ತಾಮ್ರ ಹಿಡಿಯಿತೋ, ಸುಣ್ಣ ಸಾಲದು, ಇನ್ನಷ್ಟು ಹಾಕು. ಅಳತೆ ಸಮವೇ, ಆದರೆ ಯಾವುದಕ್ಕೆ ಯಾವುದು ಎಂಬ ಕ್ರಮ ತಪ್ಪುವಂತಿಲ್ಲ. ಕಲಸಿದ್ದು ಅವತ್ತೇ ಖರ್ಚಾಗಬೇಕು. ಇದನ್ನು ಹೇಳಿಕೊಡಲು ಪ್ರೊಜೆಕ್ಟರ್ ಬೇಕಿಲ್ಲ.

ತುತ್ತದ ಖರೀದಿಗೆ ಒಬ್ಬ ಕಾರ್ಯದರ್ಶಿ, ಒಂದು ದರದ ಮಿತಿ, ಏಪ್ರಿಲ್ ಕೊನೆಯ ಗಡುವು ಸಾಕು. ಲಾಭ ಹಂಚುವಾಗ ಕರೆಯಿರಿ ಊರನ್ನೆಲ್ಲ. ಈಗ ಅದೂ ತಿರುವುಮುರುವು: ಲಾಭದ ಲೆಕ್ಕ ಒಬ್ಬರ ಜೇಬಿನಲ್ಲಿ, ತುತ್ತದ ತಾರೀಖು ಮಾತ್ರ ಪ್ರಜಾಪ್ರಭುತ್ವದಲ್ಲಿ.

ಎರಡು ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋದವು. ಮೂರನೆಯದಕ್ಕೆ ಎಲ್ಲರೂ ಬಂದರು. ಆರಿದ್ರಾ ಮಳೆ ಹೊಯ್ಯುತ್ತಿತ್ತು, ತೋಟಕ್ಕೆ ಹೋಗುವ ಹಾಗಿರಲಿಲ್ಲವಲ್ಲ. ‘ಮೊದಲ ಔಷಧಿಯನ್ನು ಮಳೆಗೆ ಮುಂಚೆ ಹೊಡೆಸತಕ್ಕದ್ದು’ ಎಂಬ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಯಾವ ವರ್ಷದ ಮಳೆ ಎಂದು ಬರೆಯಲು ನಡಾವಳಿ ಪುಸ್ತಕದಲ್ಲಿ ಜಾಗ ಬಿಟ್ಟಿದ್ದಾರೆ.