ಫ್ಲೂ ಅಡಗಿತು, ನೆಗಡಿ ಅಡಗಲಿಲ್ಲ

ಕೋವಿಡ್ ಕಾಲದಲ್ಲಿ ಮಾಸ್ಕ್‌, ಲಾಕ್‌ಡೌನ್‌ಗಳಿಂದ ಬೇರೆಲ್ಲ ವೈರಸ್‌ಗಳೂ ಅಡಗಿದವು ಎನ್ನುತ್ತದೆ ನಾನು ಓದಿದ ಲೇಖನವೊಂದು. ಇದು ಅರ್ಧ ಸತ್ಯ. ಫ್ಲೂ ನಿಜಕ್ಕೂ ನೆಲಕಚ್ಚಿತು. ಅದರ ಬಿ-ಯಮಗಾಟಾ ತಳಿ 2020ರ ಮಾರ್ಚ್ ನಂತರ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ. ಆದರೆ ನೆಗಡಿ ತರುವ ರೈನೋವೈರಸ್ ಜಗ್ಗಲಿಲ್ಲ. ಅದಕ್ಕೆ ಸ್ಯಾನಿಟೈಸರ್ ಕರಗಿಸುವಂಥ ಕೊಬ್ಬಿನ ಹೊದಿಕೆಯೇ ಇಲ್ಲ; ಹಾಗಾಗಿ ಅದಕ್ಕೆ ಸುಲಭವಾಗಿ ಸಾಯುವುದಿಲ್ಲ, ಬಾಗಿಲ ಹಿಡಿಕೆ, ಆಟಿಕೆಗಳ ಮೇಲೆ ಗಂಟೆಗಟ್ಟಲೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಶಾಲೆಗಳು ತೆರೆದ ಬೆನ್ನಿಗೇ ಅದು ಮತ್ತೆ ಹರಡಿತು. ಇನ್ನು ಎಳೆಗೂಸುಗಳ ಉಸಿರಿಗೇ ಕುತ್ತು ತರುವ ಆರ್‌ಎಸ್‌ವಿ ಎಂಬ ವೈರಸ್, ಆಸ್ಟ್ರೇಲಿಯಾದಲ್ಲಿ ಚಳಿಗಾಲವಿಡೀ ಸುಮ್ಮನಿದ್ದು 2020ರ ಕೊನೆಗೆ ಅಲ್ಲಿನ ಬೇಸಿಗೆಯಲ್ಲಿ ಎರಗಿತು. ಹಸುಗೂಸು ಇರುವ ಮನೆಯವರಿಗಾಗಿಯಾದರೂ ಲೇಖಕರು ಇದನ್ನು ಬರೆಯಲೇಬೇಕಿತ್ತು. ದಯವಿಟ್ಟು ಸೇರಿಸಿ.