ಅಕ್ಕಿ ಕಾಳಿಗೆ ಜಾಹೀರಾತಿಲ್ಲ

ಮಕ್ಕಳ ಟೂತ್‌ಪೇಸ್ಟ್ ವ್ಯಾಪಾರದಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಪೇಸ್ಟ್‌ನಿಂದ ಏನಾದರೂ ತೆಗೆದಷ್ಟೂ ಬೆಲೆ ಏರುತ್ತದೆ. ನೊರೆ ಇಲ್ಲ, ಬಣ್ಣ ಇಲ್ಲ, ಹುಳುಕು ತಡೆಯುವ ಫ್ಲೋರೈಡ್ ಇಲ್ಲ. ಒಂದೊಂದು ‘ಇಲ್ಲ’ಕ್ಕೂ ದುಡ್ಡು. ಹೀಗೇ ಮುಂದುವರಿದರೆ ಖಾಲಿ ಟ್ಯೂಬನ್ನೇ ಎಲ್ಲಕ್ಕಿಂತ ದುಬಾರಿಗೆ ಮಾರಬಹುದು.

ಹಾಗಾಗಿ ಮಗುವಿನ ಹಲ್ಲಿಗೆ ಎಷ್ಟು ಫ್ಲೋರೈಡ್ ಸಿಗಬೇಕು ಅಂತ ತೀರ್ಮಾನಿಸುವುದು ಅಪ್ಪ ಅಮ್ಮನ ಸಂಬಳ. ಕೈ ತುಂಬ ಸಂಬಳ ಬರುವ ಮನೆಯಲ್ಲಿ ಮಗುವಿಗೆ ಬೇರೆಯದೇ ಟ್ಯೂಬ್. ಮುಂದೆ ಕರಡಿಮರಿ, ಒಳಗೆ ಸ್ಟ್ರಾಬೆರಿ ಘಮ, ಹಿಂದೆ ಸಣ್ಣ ಅಕ್ಷರದಲ್ಲಿ ‘ನುಂಗಬಾರದು’. ಮಿಠಾಯಿಯ ರುಚಿ ಕೊಟ್ಟು ಉಗುಳು ಅಂದರೆ ಎರಡು ವರ್ಷದ ಮಗು ಕೇಳುತ್ತದಾ? ಫ್ಲೋರೈಡೇ ಇಲ್ಲದ ಪೇಸ್ಟ್ ಆದರೆ ಚಿಂತೆಯಿಲ್ಲ ಬಿಡಿ. ಹುಳುಕಿಗೂ ಚಿಂತೆಯಿಲ್ಲ. ಕೆಲವು ಮಕ್ಕಳ ಪೇಸ್ಟ್‌ಗಳಲ್ಲಿ ಫ್ಲೋರೈಡ್ 500 ಪಿಪಿಎಂ ಇರುತ್ತದೆ, ಅಂದರೆ ಹತ್ತು ಲಕ್ಷ ಭಾಗ ಪೇಸ್ಟಿನಲ್ಲಿ 500 ಭಾಗ. ಹುಳುಕು ತಡೆಯುವುದಕ್ಕೆ ಗಟ್ಟಿ ಆಧಾರ ಇರುವುದು 1000 ಪಿಪಿಎಂ ಮತ್ತು ಅದಕ್ಕಿಂತ ಮೇಲಿನದಕ್ಕೆ.

ಸಂಬಳ ಕಡಿಮೆ ಇರುವ ಮನೆಯಲ್ಲಿ ಎಲ್ಲರಿಗೂ ಒಂದೇ ಟ್ಯೂಬ್. ದೊಡ್ಡವರ ಪೇಸ್ಟ್, ಸಾಮಾನ್ಯವಾಗಿ 1000ರಿಂದ 1500 ಪಿಪಿಎಂ. ಜಾಹೀರಾತಿನಲ್ಲಿ ತೋರಿಸಿದ ಹಾಗೆ ಬ್ರಷ್ಷಿನ ಈ ತುದಿಯಿಂದ ಆ ತುದಿವರೆಗೆ ಹಚ್ಚಿ ಮಗುವಿನ ಕೈಗೆ ಕೊಡುತ್ತಾರೆ. ಮಗು ಅದರಲ್ಲಿ ಒಳ್ಳೆಯ ಪಾಲನ್ನು ನುಂಗುತ್ತದೆ. ಆ ವಯಸ್ಸಿನಲ್ಲಿ ಒಸಡಿನೊಳಗೆ ಶಾಶ್ವತ ಹಲ್ಲು ತಯಾರಾಗುತ್ತಿರುತ್ತದೆ. ದಿನವೂ ಫ್ಲೋರೈಡ್ ಜಾಸ್ತಿಯಾದರೆ ಮುಂದೆ ಆ ಹಲ್ಲಿನ ಮೇಲೆ ಬಿಳಿ ಕಲೆ ಕಾಣಬಹುದು.

ತಮಾಷೆ ಏನು ಗೊತ್ತಾ? ಇವೆರಡರಲ್ಲಿ ಸರಿಯಾದ ಟ್ಯೂಬ್ ಇರುವುದು ಕಡಿಮೆ ಸಂಬಳದ ಮನೆಯಲ್ಲೇ. ಅಳತೆ ಮಾತ್ರ ತಪ್ಪು. ಮೊದಲ ಹಲ್ಲು ಮೂಡಿದಾಗಿನಿಂದಲೇ ಫ್ಲೋರೈಡ್ ಪೇಸ್ಟ್ ಹಚ್ಚಿ ಅಂತ ಅಮೆರಿಕದ ದಂತವೈದ್ಯರ ಸಂಘ 2014ರಲ್ಲಿ ಹೇಳಿತು. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅಷ್ಟೇ. ಇದಕ್ಕೆ ಕರಡಿಮರಿ ಬೇಕಿಲ್ಲ.

ಆದರೆ ಅಕ್ಕಿ ಕಾಳನ್ನು ನಂಬಿ ಯಾವ ಕಂಪನಿ ಬದುಕೀತು? ಲೆಕ್ಕ ಹಾಕಿ. ಅಕ್ಕಿ ಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ. ದಿನಕ್ಕೆ ಎರಡು ಸಲ ಅಂದರೆ 100 ಗ್ರಾಂ ಟ್ಯೂಬ್ 500 ದಿನ ಬರುತ್ತದೆ. ಸಲಕ್ಕೆ ಒಂದು ಗ್ರಾಂ ಹಾಗೆ ಬ್ರಷ್ ತುಂಬ ಹಚ್ಚಿದರೆ 50 ದಿನಕ್ಕೇ ಟ್ಯೂಬ್ ಮಡಚಿ, ಹಿಂಡಿ, ಬಿಸಾಡಿ ಆಗಿರುತ್ತದೆ. ಅದಕ್ಕೇ ಜಾಹೀರಾತಿನ ಬ್ರಷ್ಷಿನ ಮೇಲೆ ಪೇಸ್ಟ್ ಸದಾ ಅಲೆಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಆ ಅಲೆಯ ಚಿತ್ರ ಯಾರದ್ದು ಅಂತ 2010ರಲ್ಲಿ ಎರಡು ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಕೋರ್ಟಿಗೇ ಹೋಗಿದ್ದವು. ಅಕ್ಕಿ ಕಾಳು ನಮ್ಮದು ಅಂತ ಇವತ್ತಿಗೂ ಯಾರೂ ಕೇಸು ಹಾಕಿಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಔಷಧಿ ಅಂದಮೇಲೆ ಎಷ್ಟಿದೆ ಅಂತ ದಪ್ಪ ಅಕ್ಷರದಲ್ಲಿ ಬರೆಯಬೇಕಲ್ವಾ? ಟ್ಯೂಬ್ ತಿರುಗಿಸಿ ನೋಡಿ. ಒಂದರಲ್ಲಿ ಸೋಡಿಯಂ ಫ್ಲೋರೈಡ್ 0.22%. ಇನ್ನೊಂದರಲ್ಲಿ ಫ್ಲೋರೈಡ್ ಕೊಡುವ ಬೇರೊಂದು ಸಂಯುಕ್ತ, ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ 0.76%. ಎರಡನೆಯದರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಇದೆ ಅಂತ ಯಾರಿಗಾದರೂ ಅನಿಸುತ್ತದೆ. ಎರಡರಲ್ಲೂ ಇರುವುದು ಸುಮಾರು 1000 ಪಿಪಿಎಂ ಫ್ಲೋರೈಡೇ! ಪಿಪಿಎಂ ಬರೆದಿರದಿದ್ದರೆ ಇದು ಗೊತ್ತಾಗಲು ಭೂತಗನ್ನಡಿ, ಕ್ಯಾಲ್ಕುಲೇಟರ್ ಹಿಡಿದುಕೊಂಡು, ಶಾಲೆಯಲ್ಲಿ ಕಲಿತ ಅಣುತೂಕ ನೆನಪಿಸಿಕೊಂಡು ಅಂಗಡಿಯಲ್ಲಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಮಗು ತನಗೆ ಬೇಕಾದ ಟ್ಯೂಬನ್ನು ಬುಟ್ಟಿಗೆ ಹಾಕಿ, ಮುಚ್ಚಳ ಬಿಚ್ಚಿ, ರುಚಿ ನೋಡಲು ಶುರು ಮಾಡಿರುತ್ತದೆ.