ಎಲೆಚುಕ್ಕೆಯಿಂದಲೇ ಶುರುವಾಗಲಿ

ಸರ್ಕಾರಿ ವಿಶ್ವವಿದ್ಯಾಲಯಗಳು ಎಐ (ಕೃತಕ ಬುದ್ಧಿಮತ್ತೆ) ಕಲಿಸಬೇಕು, ವಿದ್ಯಾರ್ಥಿಗಳ ಸಂಶೋಧನೆ ರಾಜ್ಯಕ್ಕೆ ಉಪಯೋಗವಾಗಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ ಸಾರ್. ಆದರೆ ಸುಮ್ನೆ ಹೊಸ ಕೋರ್ಸ್ ಅಂತ ಬೋರ್ಡ್ ಹಾಕಿದರೆ ಸಾಲದು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಇರುವಕ್ಕಿಯಲ್ಲಿ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಎರಡೂ ಕಡೆಯ ಹುಡುಗರನ್ನು ಒಂದೇ ಅಡಿಕೆ ತೋಟಕ್ಕೆ ಇಳಿಸಿ ನೋಡಿ. ಅಡಿಕೆಗೆ ಬರುವ ಎಲೆಚುಕ್ಕೆ ರೋಗ ಸಾಮಾನ್ಯವಾಗಿ ಕೆಳಗಿನ ಸೋಗೆಯಲ್ಲೇ ಮೊದಲು ಕಾಣುತ್ತದೆ. ಸಣ್ಣ ಕಂದು ಚುಕ್ಕೆ, ಸುತ್ತ ಹಳದಿ ಅಂಚು. ಫೋಟೋ ನೋಡಿ ಇದನ್ನು ಗುರುತಿಸಲು ಕಂಪ್ಯೂಟರ್‌ಗೆ ಕಲಿಸಬಹುದು. ಅದಕ್ಕೆ ಸಾವಿರಾರು ಫೋಟೋ ಬೇಕು, ಒಂದೊಂದಕ್ಕೂ ರೋಗ ಬಲ್ಲವರು ಗುರುತು ಹಾಕಿಕೊಡಬೇಕು. ಜಾಸ್ತಿ ಶ್ರಮ ಇರುವುದು ಇಲ್ಲೇ. ತೀರ್ಥಹಳ್ಳಿ ಮಳೆಯಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಂಡು ಫೋಟೋ ತೆಗೆದ ವಿದ್ಯಾರ್ಥಿಗೆ ಅದಕ್ಕೂ ಮಾರ್ಕ್ಸ್ ಸಿಗಬೇಕು, ಅಲ್ವಾ?